ನೌಕರರ ಸಾಮಾಜಿಕ ಜಾಲತಾಣ ಖಾತೆಗಳಿಗೆ ಉದ್ಯೋಗದಾತರ ಪ್ರವೇಶ

ನೌಕರರ ಸಾಮಾಜಿಕ ಜಾಲತಾಣ ಖಾತೆಗಳಿಗೆ ಉದ್ಯೋಗದಾತರ ಪ್ರವೇಶ ಎಂಬುದು, ಕೆಲಸಕ್ಕೆ ಅರ್ಜಿ ಸಲ್ಲಿಸಿದವರಿಂದ ಅಥವಾ ಈಗಾಗಲೇ ಕೆಲಸದಲ್ಲಿರುವವರಿಂದ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಎಕ್ಸ್ ಮೊದಲಾದ ಖಾಸಗಿ ಖಾತೆಗಳ ಪಾಸ್‌ವರ್ಡ್ ಕೇಳುವ, ಇಲ್ಲವೇ ಬೇರೆ ದಾರಿಗಳಿಂದ ಆ ಖಾತೆಗಳ ಒಳಭಾಗವನ್ನು ನೋಡಲು ಒತ್ತಾಯಿಸುವ ಪದ್ಧತಿಯಾಗಿದೆ. ಎಲ್ಲರಿಗೂ ಕಾಣುವಂತೆ ಪ್ರಕಟವಾದ ಬರಹ ಮತ್ತು ಚಿತ್ರಗಳನ್ನು ಉದ್ಯೋಗದಾತರು ಹುಡುಕಿ ನೋಡುವುದಕ್ಕಿಂತ ಇದು ಭಿನ್ನವಾದುದು. ಖಾತೆಯ ಒಡೆಯರು ಆಯ್ದ ಕೆಲವರಿಗೆ ಮಾತ್ರ ತೆರೆದಿಟ್ಟ ಅಥವಾ ಯಾರಿಗೂ ತೆರೆಯದ ಭಾಗವನ್ನು ಪ್ರವೇಶಿಸುವುದೇ ಇಲ್ಲಿನ ಮುಖ್ಯ ಪ್ರಶ್ನೆ.

ಈ ಪದ್ಧತಿ 2009 ಮತ್ತು 2012ರ ನಡುವೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸಾರ್ವಜನಿಕ ವಿವಾದಕ್ಕೆ ಕಾರಣವಾಯಿತು. 2012ರಲ್ಲಿ ಮೇರಿಲ್ಯಾಂಡ್ ರಾಜ್ಯವು ಇದನ್ನು ನಿಷೇಧಿಸುವ ಮೊದಲ ಕಾಯ್ದೆಯನ್ನು ಮಾಡಿತು. ಆ ಬಳಿಕ ಇಪ್ಪತ್ತೈದಕ್ಕೂ ಹೆಚ್ಚು ಅಮೆರಿಕನ್ ರಾಜ್ಯಗಳು ಇಂತಹ ಕಾಯ್ದೆಗಳನ್ನು ಅಂಗೀಕರಿಸಿವೆ. ಯುರೋಪಿನಲ್ಲಿ ಈ ವಿಷಯವನ್ನು ದತ್ತಾಂಶ ಸಂರಕ್ಷಣೆಯ ಸಾಮಾನ್ಯ ಕಾನೂನಿನಡಿ ಪರಿಗಣಿಸಲಾಗುತ್ತದೆ. ಭಾರತದಲ್ಲಿ ಇದಕ್ಕೆಂದೇ ರೂಪಿಸಿದ ಪ್ರತ್ಯೇಕ ಕಾಯ್ದೆಯಿಲ್ಲ. ಸಂವಿಧಾನದತ್ತ ಖಾಸಗಿತನದ ಹಕ್ಕು, ಮಾಹಿತಿ ತಂತ್ರಜ್ಞಾನ ಕಾಯ್ದೆ ಹಾಗೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಸಾಮಾನ್ಯ ನಿಯಮಗಳೇ ಅನ್ವಯಿಸುತ್ತವೆ.

ಎಲ್ಲ ದೇಶಗಳ ಚರ್ಚೆಯಲ್ಲಿಯೂ ಮರಳಿ ಮರಳಿ ಬರುವ ಪ್ರಶ್ನೆಯೊಂದಿದೆ. ಕೆಲಸ ಬೇಕಾದವನು ಅಥವಾ ಕೆಲಸ ಕಳೆದುಕೊಳ್ಳುವ ಭಯದಲ್ಲಿರುವವನು ಕೊಡುವ ಒಪ್ಪಿಗೆಯನ್ನು ಸ್ವತಂತ್ರ ಒಪ್ಪಿಗೆ ಎಂದು ಪರಿಗಣಿಸಬಹುದೇ ಎಂಬುದೇ ಆ ಪ್ರಶ್ನೆ.

ಬೇಡಿಕೆಯ ರೂಪಗಳು

ಉದ್ಯೋಗದಾತರು ಖಾಸಗಿ ಖಾತೆಗಳ ಒಳಹೊಕ್ಕು ನೋಡಲು ಬಳಸಿದ ವಿಧಾನಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು:

ಪಾಸ್‌ವರ್ಡ್ ಕೇಳುವುದು: ಅರ್ಜಿ ನಮೂನೆಯಲ್ಲಿ ಅಥವಾ ಸಂದರ್ಶನದ ವೇಳೆ ಬಳಕೆದಾರನ ಹೆಸರು ಮತ್ತು ಪಾಸ್‌ವರ್ಡನ್ನು ಬರೆದುಕೊಡುವಂತೆ ಕೇಳಲಾಗುತ್ತದೆ. ಇದರಿಂದ ಖಾತೆಯನ್ನು ನೋಡುವುದಷ್ಟೇ ಅಲ್ಲ, ಅದರ ಒಡೆಯರ ಹೆಸರಿನಲ್ಲಿ ಬರೆಯುವ, ಅಳಿಸುವ ಸಾಮರ್ಥ್ಯವೂ ಉದ್ಯೋಗದಾತರಿಗೆ ದೊರೆಯುತ್ತದೆ.

ಎದುರಿನಲ್ಲೇ ತೆರೆಸುವುದು: ಪಾಸ್‌ವರ್ಡನ್ನು ಬಾಯಿಬಿಟ್ಟು ಕೇಳದೆ, ಅಭ್ಯರ್ಥಿಯೇ ಲಾಗಿನ್ ಆಗಿ ಪುಟಗಳನ್ನು ಒಂದೊಂದಾಗಿ ತೋರಿಸುವಂತೆ ಹೇಳಲಾಗುತ್ತದೆ. ಸಂದರ್ಶಕರು ಪಕ್ಕದಲ್ಲಿ ಕುಳಿತು ನೋಡುತ್ತಾರೆ.

ಸ್ನೇಹಿತರ ಪಟ್ಟಿಗೆ ಸೇರಿಸಿಕೊಳ್ಳುವಂತೆ ಒತ್ತಾಯಿಸುವುದು: ಮೇಲಧಿಕಾರಿಯನ್ನೋ ಮಾನವ ಸಂಪನ್ಮೂಲ ವಿಭಾಗದ ಸಿಬ್ಬಂದಿಯನ್ನೋ ಖಾತೆಯ ಸಂಪರ್ಕ ಪಟ್ಟಿಗೆ ಸೇರಿಸಿಕೊಳ್ಳಬೇಕೆಂಬ ಷರತ್ತು ಇದರಲ್ಲಿರುತ್ತದೆ. ಇಲ್ಲಿ ಪರಿಶೀಲನೆ ಒಂದು ದಿನಕ್ಕೆ ಮುಗಿಯದೆ, ನಿರಂತರ ನಿಗಾ ಆಗಿ ಮುಂದುವರಿಯುತ್ತದೆ.

ಖಾಸಗಿತನದ ಆಯ್ಕೆಗಳನ್ನು ಬದಲಾಯಿಸಲು ಹೇಳುವುದು: ಖಾತೆಯನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಲು ಸೂಚಿಸಲಾಗುತ್ತದೆ.

ಸಹೋದ್ಯೋಗಿಯ ಮೂಲಕ ನೋಡುವುದು: ಗುರಿಯಾದ ನೌಕರನ ಸ್ನೇಹಿತರ ಪಟ್ಟಿಯಲ್ಲಿರುವ ಮತ್ತೊಬ್ಬ ನೌಕರನ ಖಾತೆಯಿಂದ ಮಾಹಿತಿ ಪಡೆಯಲಾಗುತ್ತದೆ. ಈ ವಿಧಾನದಲ್ಲಿ ನೌಕರನಿಗೆ ತನ್ನ ಖಾತೆಯನ್ನು ನೋಡಲಾಗುತ್ತಿದೆ ಎಂಬ ಅರಿವೇ ಇರುವುದಿಲ್ಲ.

ಆರಂಭದ ಕಾಯ್ದೆಗಳ ಗಮನವು ಮುಖ್ಯವಾಗಿ ಪಾಸ್‌ವರ್ಡ್ ಮೇಲೆ ಇತ್ತು. ಪಾಸ್‌ವರ್ಡ್ ಕೇಳದೆಯೂ ಅದೇ ಫಲವನ್ನು ಪಡೆಯಬಹುದೆಂಬುದು ಸ್ಪಷ್ಟವಾದಂತೆ, ಅನಂತರದ ಕಾಯ್ದೆಗಳು ಉಳಿದ ವಿಧಾನಗಳನ್ನೂ ಹೆಸರಿಸಿ ನಿಷೇಧಿಸತೊಡಗಿದವು.

ಇತಿಹಾಸ

ಬೋಜ್‌ಮನ್ ನಗರದ ಅರ್ಜಿ ನಮೂನೆ

ಈ ವಿಷಯ ವ್ಯಾಪಕವಾಗಿ ಗಮನ ಸೆಳೆದದ್ದು 2009ರ ಜೂನ್‌ನಲ್ಲಿ. ಅಮೆರಿಕದ ಮೊಂಟಾನಾ ರಾಜ್ಯದ ಬೋಜ್‌ಮನ್ ನಗರಾಡಳಿತವು ಕೆಲಸಕ್ಕೆ ಅರ್ಜಿ ಹಾಕುವವರ ಪೂರ್ವಾಪರ ತಪಾಸಣೆಗೆ ಒಂದು ನಮೂನೆಯನ್ನು ಬಳಸುತ್ತಿತ್ತು. ಫೇಸ್‌ಬುಕ್, ಮೈಸ್ಪೇಸ್, ಯೂಟ್ಯೂಬ್, ಗೂಗಲ್, ಯಾಹೂ ಮೊದಲಾದ ತಾಣಗಳಲ್ಲಿ ಅಭ್ಯರ್ಥಿ ಹೊಂದಿರುವ ಖಾತೆಗಳ ವಿವರವನ್ನು ಅದರಲ್ಲಿ ತುಂಬಬೇಕಿತ್ತು. ಬಳಕೆದಾರನ ಹೆಸರು ಮತ್ತು ಪಾಸ್‌ವರ್ಡ್ ಬರೆಯಲೂ ಅದರಲ್ಲಿ ಜಾಗ ಬಿಡಲಾಗಿತ್ತು. ಸುದ್ದಿ ಹೊರಬಿದ್ದ ಕೂಡಲೇ ದೇಶದಾದ್ಯಂತ ಟೀಕೆ ವ್ಯಕ್ತವಾಯಿತು. ಕೆಲವೇ ದಿನಗಳಲ್ಲಿ ನಗರಾಡಳಿತವು ಆ ಪದ್ಧತಿಯನ್ನು ಕೈಬಿಟ್ಟಿತು.

ಮೇರಿಲ್ಯಾಂಡ್ ಕಾರಾಗೃಹ ಇಲಾಖೆ

ಕಾನೂನು ರಚನೆಗೆ ನೇರ ಪ್ರೇರಣೆಯಾದದ್ದು ಮೇರಿಲ್ಯಾಂಡ್ ರಾಜ್ಯದ ಸಾರ್ವಜನಿಕ ಸುರಕ್ಷತೆ ಮತ್ತು ಕಾರಾಗೃಹ ಇಲಾಖೆಯ ಪ್ರಕರಣ. 2010ರಲ್ಲಿ ಆ ಇಲಾಖೆಯ ಅಧಿಕಾರಿಯೊಬ್ಬರು ರಜೆ ಮುಗಿಸಿ ಕೆಲಸಕ್ಕೆ ಮರಳಿದಾಗ, ಮರುಪರಿಶೀಲನೆಯ ಸಂದರ್ಶನದಲ್ಲಿ ಅವರ ಫೇಸ್‌ಬುಕ್ ಪಾಸ್‌ವರ್ಡನ್ನು ಕೇಳಲಾಯಿತು. ಅವರು ಅಲ್ಲಿಯೇ ಕುಳಿತಿದ್ದಂತೆ ಸಂದರ್ಶಕರು ಖಾತೆಯನ್ನು ತೆರೆದು ನೋಡಿದರು. ಕಾರಾಗೃಹ ಸಿಬ್ಬಂದಿಗೆ ಅಪರಾಧಿ ಗುಂಪುಗಳೊಂದಿಗೆ ನಂಟಿದೆಯೇ ಎಂಬುದನ್ನು ಪರಿಶೀಲಿಸುವುದು ಇಲಾಖೆ ನೀಡಿದ ಕಾರಣವಾಗಿತ್ತು.

ಅಮೆರಿಕನ್ ನಾಗರಿಕ ಸ್ವಾತಂತ್ರ್ಯ ಒಕ್ಕೂಟದ ಮೇರಿಲ್ಯಾಂಡ್ ಶಾಖೆಯು 2011ರ ಜನವರಿಯಲ್ಲಿ ಇಲಾಖೆಗೆ ಪತ್ರ ಬರೆದು ಆಕ್ಷೇಪಿಸಿತು. ಇಲಾಖೆಯು ಆ ಪದ್ಧತಿಯನ್ನು 45 ದಿನಗಳ ಕಾಲ ಸ್ಥಗಿತಗೊಳಿಸಿತು. ಅನಂತರ ತಂದ ಪರಿಷ್ಕೃತ ಕ್ರಮದಲ್ಲಿ ಪಾಸ್‌ವರ್ಡ್ ಕೇಳುವುದನ್ನು ಬಿಟ್ಟು, ಅಭ್ಯರ್ಥಿಯು ಸ್ವಇಚ್ಛೆಯಿಂದ ಖಾತೆಯನ್ನು ತೆರೆದು ತೋರಿಸಬಹುದು ಎಂದು ಬದಲಾಯಿಸಲಾಯಿತು. ಸಂದರ್ಶನದ ಕೊಠಡಿಯಲ್ಲಿ ಕುಳಿತ ಅಭ್ಯರ್ಥಿಗೆ ಇಂತಹ ಕೋರಿಕೆಯನ್ನು ನಿರಾಕರಿಸುವುದು ಕಷ್ಟವೆಂದೂ, ಆದ್ದರಿಂದ ಇದನ್ನು ಸ್ವಇಚ್ಛೆ ಎನ್ನಲಾಗದೆಂದೂ ವಿಮರ್ಶಕರು ವಾದಿಸಿದರು.

2012ರ ಚರ್ಚೆ

2012ರ ಮಾರ್ಚ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ವರದಿಯೊಂದು ಈ ಪದ್ಧತಿಯನ್ನು ಮತ್ತೆ ಮುನ್ನೆಲೆಗೆ ತಂದಿತು. ಕಾನೂನು ಪ್ರಾಧ್ಯಾಪಕ ಒರಿನ್ ಕೆರ್ ಅವರು ಇದನ್ನು ಅಭ್ಯರ್ಥಿಯಿಂದ ಮನೆಯ ಬೀಗದ ಕೈ ಕೇಳುವುದಕ್ಕೆ ಹೋಲಿಸಿದರು. ಅದೇ ತಿಂಗಳ 23ರಂದು ಫೇಸ್‌ಬುಕ್‌ನ ಖಾಸಗಿತನ ವಿಭಾಗದ ಮುಖ್ಯಸ್ಥೆ ಎರಿನ್ ಈಗನ್ ಅವರು ಹೇಳಿಕೆ ನೀಡಿ, ಪಾಸ್‌ವರ್ಡ್ ಹಂಚಿಕೊಳ್ಳುವುದೂ ಅದನ್ನು ಕೇಳುವುದೂ ತಾಣದ ಬಳಕೆಯ ನಿಯಮಗಳಿಗೆ ವಿರುದ್ಧವೆಂದು ಸ್ಪಷ್ಟಪಡಿಸಿದರು. ಹೀಗೆ ಪಡೆದ ಮಾಹಿತಿಯಿಂದ ಅಭ್ಯರ್ಥಿಯ ವಯಸ್ಸು ಮೊದಲಾದ ವಿವರಗಳು ತಿಳಿದುಬಂದರೆ, ಉದ್ಯೋಗದಾತರೇ ತಾರತಮ್ಯದ ಆರೋಪಕ್ಕೆ ಗುರಿಯಾಗಬಹುದೆಂದೂ ಅವರು ಎಚ್ಚರಿಸಿದರು. ಸೆನೆಟ್ ಸದಸ್ಯರಾದ ಚಕ್ ಶೂಮರ್ ಮತ್ತು ರಿಚರ್ಡ್ ಬ್ಲೂಮೆಂಥಾಲ್ ಅವರು ಈ ಪದ್ಧತಿಯು ಒಕ್ಕೂಟದ ಕಾನೂನುಗಳನ್ನು ಉಲ್ಲಂಘಿಸುತ್ತದೆಯೇ ಎಂದು ತನಿಖೆ ನಡೆಸುವಂತೆ ನ್ಯಾಯ ಇಲಾಖೆ ಹಾಗೂ ಸಮಾನ ಉದ್ಯೋಗಾವಕಾಶ ಆಯೋಗವನ್ನು ಕೋರಿದರು.

ಅಮೆರಿಕದ ಕಾನೂನು

ರಾಜ್ಯಗಳ ಕಾಯ್ದೆಗಳು

ಮೇರಿಲ್ಯಾಂಡ್ ವಿಧಾನಮಂಡಲವು 2012ರ ಏಪ್ರಿಲ್‌ನಲ್ಲಿ ಅಂಗೀಕರಿಸಿದ ಮಸೂದೆಗೆ ರಾಜ್ಯಪಾಲ ಮಾರ್ಟಿನ್ ಓ'ಮ್ಯಾಲಿ ಮೇ 2ರಂದು ಸಹಿ ಹಾಕಿದರು. ಅದು ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ನೌಕರರಿಂದಾಗಲಿ ಅಭ್ಯರ್ಥಿಗಳಿಂದಾಗಲಿ ವೈಯಕ್ತಿಕ ಖಾತೆಗಳ ಪಾಸ್‌ವರ್ಡ್ ಕೇಳುವುದನ್ನೂ, ಕೊಡಲು ನಿರಾಕರಿಸಿದ ಕಾರಣಕ್ಕೆ ಶಿಕ್ಷಿಸುವುದನ್ನೂ ಅಥವಾ ನೇಮಕಾತಿಯನ್ನು ತಡೆಯುವುದನ್ನೂ ಅದು ನಿಷೇಧಿಸಿತು.

ಇಲಿನಾಯ್ ರಾಜ್ಯದಲ್ಲಿ ರಾಜ್ಯಪಾಲ ಪ್ಯಾಟ್ ಕ್ವಿನ್ 2012ರ ಆಗಸ್ಟ್ 1ರಂದು ಇಂತಹುದೇ ತಿದ್ದುಪಡಿಗೆ ಸಹಿ ಹಾಕಿದರು. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯಪಾಲ ಜೆರ್ರಿ ಬ್ರೌನ್ ಸೆಪ್ಟೆಂಬರ್ 27ರಂದು ಎರಡು ಮಸೂದೆಗಳಿಗೆ ಸಹಿ ಹಾಕಿದರು. ಒಂದು ಉದ್ಯೋಗದಾತರಿಗೆ, ಇನ್ನೊಂದು ಕಾಲೇಜು ಮತ್ತು ವಿಶ್ವವಿದ್ಯಾಲಯಗಳಿಗೆ ಅನ್ವಯಿಸುವಂಥದ್ದು. ಈ ಎರಡೂ ರಾಜ್ಯಗಳ ಕಾಯ್ದೆಗಳು 2013ರ ಜನವರಿ 1ರಿಂದ ಜಾರಿಗೆ ಬಂದವು. ಕ್ಯಾಲಿಫೋರ್ನಿಯಾದ ಕಾಯ್ದೆಯು ಪಾಸ್‌ವರ್ಡ್ ಕೇಳುವುದರ ಜೊತೆಗೆ, ಉದ್ಯೋಗದಾತರ ಸಮ್ಮುಖದಲ್ಲಿ ಖಾತೆಯನ್ನು ತೆರೆಸುವುದನ್ನೂ ನಿಷೇಧಿಸಿತು. ಮಿಶಿಗನ್ 2012ರ ಡಿಸೆಂಬರ್‌ನಲ್ಲಿ ಇದೇ ದಾರಿ ಹಿಡಿಯಿತು. 2013ರಲ್ಲಿ ವಾಷಿಂಗ್ಟನ್, ಆರ್ಕನ್ಸಾ, ಯೂಟಾ, ಕೊಲರಾಡೊ, ಒರೆಗನ್, ನೆವಾಡಾ, ನ್ಯೂ ಮೆಕ್ಸಿಕೊ, ನ್ಯೂ ಜೆರ್ಸಿ ಮೊದಲಾದ ರಾಜ್ಯಗಳೂ ಕಾಯ್ದೆಗಳನ್ನು ಮಾಡಿದವು. ನ್ಯೂಯಾರ್ಕ್ ರಾಜ್ಯದ ಕಾಯ್ದೆಗೆ 2023ರ ಸೆಪ್ಟೆಂಬರ್‌ನಲ್ಲಿ ಸಹಿ ಬಿದ್ದು, 2024ರ ಮಾರ್ಚ್ 12ರಿಂದ ಅದು ಜಾರಿಯಾಯಿತು.

ಈ ಕಾಯ್ದೆಗಳ ವ್ಯಾಪ್ತಿ ಒಂದೇ ರೀತಿಯದಲ್ಲ. ನ್ಯೂ ಮೆಕ್ಸಿಕೊದ 2013ರ ಕಾಯ್ದೆ ಉದ್ಯೋಗಾಕಾಂಕ್ಷಿಗಳಿಗೆ ಮಾತ್ರ ರಕ್ಷಣೆ ನೀಡಿತು. ವಾಷಿಂಗ್ಟನ್ ಮತ್ತು ಆರ್ಕನ್ಸಾ ರಾಜ್ಯಗಳು ಸಂಪರ್ಕ ಪಟ್ಟಿಗೆ ಸೇರಿಸಿಕೊಳ್ಳುವಂತೆ ಒತ್ತಾಯಿಸುವುದನ್ನೂ ಖಾಸಗಿತನದ ಆಯ್ಕೆಗಳನ್ನು ಬದಲಾಯಿಸಲು ಹೇಳುವುದನ್ನೂ ನಿಷೇಧಿಸಿದವು. ಒರೆಗನ್ ರಾಜ್ಯವು 2015ರ ತಿದ್ದುಪಡಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನೌಕರರು ವೈಯಕ್ತಿಕ ಖಾತೆಯನ್ನು ಹೊಂದಿರಲೇಬೇಕೆಂದು ಕಡ್ಡಾಯಪಡಿಸುವುದನ್ನೂ, ಆ ಖಾತೆಯ ಮೂಲಕ ಸಂಸ್ಥೆಯ ಜಾಹೀರಾತು ಮಾಡಿಸುವುದನ್ನೂ ಅದು ತಡೆಯಿತು. ರಾಜ್ಯಗಳ ನಡುವಿನ ಈ ವ್ಯತ್ಯಾಸವನ್ನು ತಗ್ಗಿಸಲು ಏಕರೂಪ ಕಾನೂನು ಆಯೋಗವು 2016ರಲ್ಲಿ ನೌಕರರ ಮತ್ತು ವಿದ್ಯಾರ್ಥಿಗಳ ಆನ್‌ಲೈನ್ ಖಾಸಗಿತನಕ್ಕೆ ಸಂಬಂಧಿಸಿದ ಮಾದರಿ ಕಾಯ್ದೆಯೊಂದನ್ನು ಸಿದ್ಧಪಡಿಸಿತು.

ವಿನಾಯಿತಿಗಳು

ಬಹುತೇಕ ಕಾಯ್ದೆಗಳಲ್ಲಿ ಕೆಲವು ವಿನಾಯಿತಿಗಳಿವೆ. ಸಂಸ್ಥೆಯೇ ಒದಗಿಸಿದ ಕಂಪ್ಯೂಟರ್ ಅಥವಾ ಮೊಬೈಲ್ ಫೋನಿನ ಪಾಸ್‌ವರ್ಡನ್ನು, ಸಂಸ್ಥೆಯ ಕೆಲಸಕ್ಕಾಗಿ ತೆರೆದ ಖಾತೆಯ ಪಾಸ್‌ವರ್ಡನ್ನು ಉದ್ಯೋಗದಾತರು ಕೇಳಬಹುದು. ವ್ಯಾಪಾರ ರಹಸ್ಯಗಳ ಕಳವು, ಷೇರು ವ್ಯವಹಾರದ ನಿಯಮಗಳ ಉಲ್ಲಂಘನೆ, ಕೆಲಸದ ಸ್ಥಳದಲ್ಲಿನ ದುರ್ನಡತೆ ಇತ್ಯಾದಿ ನಿರ್ದಿಷ್ಟ ಆರೋಪಗಳ ತನಿಖೆಗೆ ಹಲವು ರಾಜ್ಯಗಳು ಸೀಮಿತ ಅವಕಾಶ ನೀಡಿವೆ. ಎಲ್ಲರಿಗೂ ಕಾಣುವ ಮಾಹಿತಿಯನ್ನು ನೋಡುವುದಕ್ಕೆ ಅಡ್ಡಿಯಿಲ್ಲ.

ಕಾನೂನು ಪಾಲನೆಯ ಇಲಾಖೆಗಳಿಗೆ ಕೆಲವು ರಾಜ್ಯಗಳು ಪೂರ್ಣ ವಿನಾಯಿತಿ ನೀಡಿವೆ. ನ್ಯೂ ಜೆರ್ಸಿಯ ಕಾಯ್ದೆಯಲ್ಲಿ ‘ಉದ್ಯೋಗದಾತ’ ಎಂಬ ಪದದ ವ್ಯಾಖ್ಯಾನದಿಂದಲೇ ಪೊಲೀಸ್ ಮತ್ತು ಕಾರಾಗೃಹ ಇಲಾಖೆಗಳನ್ನು ಹೊರಗಿಡಲಾಗಿದೆ. ಕಾರಾಗೃಹ ಇಲಾಖೆಯ ನೌಕರರೊಬ್ಬರ ದೂರಿನಿಂದ ಆರಂಭವಾದ ಕಾನೂನು ಚಳವಳಿಯ ಫಲವು ಅಲ್ಲಿನ ಅದೇ ವರ್ಗದ ನೌಕರರಿಗೆ ದೊರೆಯುವುದಿಲ್ಲ. ಅದೇ ಕಾಯ್ದೆಯಡಿ ಉಲ್ಲಂಘನೆಗೆ ವಿಧಿಸಬಹುದಾದ ದಂಡವು ಮೊದಲ ಬಾರಿಗೆ ಗರಿಷ್ಠ 1,000 ಡಾಲರ್, ಮರುಕಳಿಸಿದರೆ ಗರಿಷ್ಠ 2,500 ಡಾಲರ್. ದೊಡ್ಡ ಸಂಸ್ಥೆಗಳನ್ನು ತಡೆಯಲು ಇದು ಸಾಲದು ಎಂಬುದು ಇಂತಹ ದಂಡಗಳ ಕುರಿತ ಸಾಮಾನ್ಯ ಟೀಕೆ.

ಒಕ್ಕೂಟ ಮಟ್ಟದ ಪ್ರಯತ್ನಗಳು

ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆಯನ್ನು ತರುವ ಪ್ರಯತ್ನಗಳು ಫಲಿಸಲಿಲ್ಲ. 2012ರ ಮಾರ್ಚ್ 27ರಂದು ಪ್ರತಿನಿಧಿ ಸಭೆಯ ಸದಸ್ಯ ಎಡ್ ಪರ್ಲ್‌ಮಟರ್ ಮಂಡಿಸಿದ ತಿದ್ದುಪಡಿಯು 184–236 ಮತಗಳಿಂದ ಬಿದ್ದುಹೋಯಿತು. ಅದೇ ವರ್ಷ ಎಲಿಯಟ್ ಎಂಗೆಲ್ ಅವರು ಪ್ರತಿನಿಧಿ ಸಭೆಯಲ್ಲಿ, ಬ್ಲೂಮೆಂಥಾಲ್ ಅವರು ಸೆನೆಟ್‌ನಲ್ಲಿ ಪ್ರತ್ಯೇಕ ಮಸೂದೆಗಳನ್ನು ಮಂಡಿಸಿದರಾದರೂ ಅವು ಕಾಯ್ದೆಯಾಗಲಿಲ್ಲ.

ನ್ಯಾಯಾಲಯಗಳ ತೀರ್ಪುಗಳು

ರಾಜ್ಯಗಳ ಕಾಯ್ದೆಗಳಿಗೂ ಮುನ್ನ ಇಂತಹ ವಿವಾದಗಳು 1986ರ ಸಂಗ್ರಹಿತ ಸಂವಹನಗಳ ಕಾಯ್ದೆಯಡಿ ನ್ಯಾಯಾಲಯದ ಮೆಟ್ಟಿಲೇರಿದ್ದವು. ಅನುಮತಿಯಿಲ್ಲದೆ ಇನ್ನೊಬ್ಬರ ಸಂಗ್ರಹಿತ ವಿದ್ಯುನ್ಮಾನ ಸಂದೇಶಗಳನ್ನು ನೋಡುವುದನ್ನು ಆ ಕಾಯ್ದೆ ನಿಷೇಧಿಸುತ್ತದೆ. ಸೇವೆಯ ಬಳಕೆದಾರರೇ ಅನುಮತಿ ಕೊಟ್ಟಿದ್ದರೆ ಅದು ಅನ್ವಯಿಸುವುದಿಲ್ಲ. ಹೀಗಾಗಿ ಪ್ರಕರಣಗಳೆಲ್ಲವೂ ಬಹುಮಟ್ಟಿಗೆ ‘ಅನುಮತಿ’ ಎಂಬ ಪದದ ಸುತ್ತ ಸುತ್ತಿದವು.

ಹವಾಯಿಯನ್ ಏರ್‌ಲೈನ್ಸ್ ಪ್ರಕರಣದಲ್ಲಿ ವಿಮಾನ ಚಾಲಕರೊಬ್ಬರು ಆಡಳಿತವನ್ನು ಟೀಕಿಸುವ ಜಾಲತಾಣವೊಂದನ್ನು ನಡೆಸುತ್ತಿದ್ದರು. ಆಯ್ದ ಸಹೋದ್ಯೋಗಿಗಳಿಗೆ ಮಾತ್ರ ಅದರಲ್ಲಿ ಪ್ರವೇಶವಿತ್ತು. ಸಂಸ್ಥೆಯ ಉಪಾಧ್ಯಕ್ಷರೊಬ್ಬರು ಇಬ್ಬರು ಚಾಲಕರ ಒಪ್ಪಿಗೆ ಪಡೆದು ಅವರ ಹೆಸರಿನಲ್ಲಿ ತಾಣವನ್ನು ಪ್ರವೇಶಿಸಿದ್ದರು. ತಾಣವನ್ನು ಸ್ವತಃ ಬಳಸಿರದ ವ್ಯಕ್ತಿಯು ಕಾಯ್ದೆಯ ಅರ್ಥದಲ್ಲಿ ‘ಬಳಕೆದಾರ’ನಲ್ಲ, ಆದ್ದರಿಂದ ಬೇರೆಯವರಿಗೆ ಅನುಮತಿ ಕೊಡಲಾರ ಎಂದು ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ 2002ರಲ್ಲಿ ಹೇಳಿತು.

ನ್ಯೂ ಜೆರ್ಸಿಯ ಹಿಲ್‌ಸ್ಟೋನ್ ರೆಸ್ಟೋರೆಂಟ್ ಪ್ರಕರಣದಲ್ಲಿ ನೌಕರರು ಮೈಸ್ಪೇಸ್‌ನಲ್ಲಿ ಆಹ್ವಾನಿತರಿಗೆ ಮಾತ್ರ ತೆರೆದಿದ್ದ ಗುಂಪೊಂದನ್ನು ನಡೆಸುತ್ತಿದ್ದರು. ಗುಂಪಿನ ಸದಸ್ಯೆಯಾಗಿದ್ದ ನೌಕರಳೊಬ್ಬಳಿಂದ ವ್ಯವಸ್ಥಾಪಕರು ಪಾಸ್‌ವರ್ಡ್ ಪಡೆದರು. ಗುಂಪಿನಲ್ಲಿದ್ದ ಬರಹಗಳ ಕಾರಣಕ್ಕೆ ಇಬ್ಬರು ನೌಕರರನ್ನು ಕೆಲಸದಿಂದ ತೆಗೆಯಲಾಯಿತು. ಪಾಸ್‌ವರ್ಡ್ ಕೊಡದಿದ್ದರೆ ತನಗೆ ತೊಂದರೆಯಾಗಬಹುದೆಂದು ಅನಿಸಿತ್ತು ಎಂಬ ಆ ನೌಕರಳ ಸಾಕ್ಷ್ಯವು ವಿಚಾರಣೆಯಲ್ಲಿ ನಿರ್ಣಾಯಕವಾಯಿತು. 2009ರಲ್ಲಿ ತೀರ್ಪುಗಾರರ ಮಂಡಳಿಯು ಸಂಗ್ರಹಿತ ಸಂವಹನಗಳ ಕಾಯ್ದೆಯ ಉಲ್ಲಂಘನೆಯಾಗಿದೆ ಎಂದು ನಿರ್ಧರಿಸಿತು. ಒತ್ತಡದಲ್ಲಿ ದೊರೆತ ಪಾಸ್‌ವರ್ಡ್ ಅನುಮತಿಯಾಗದು ಎಂಬ ನಿಲುವಿಗೆ ಈ ಪ್ರಕರಣವನ್ನು ಆಧಾರವಾಗಿ ಉಲ್ಲೇಖಿಸಲಾಗುತ್ತದೆ.

2013ರಲ್ಲಿ ನ್ಯೂ ಜೆರ್ಸಿಯ ಒಕ್ಕೂಟ ನ್ಯಾಯಾಲಯವು ಆಸ್ಪತ್ರೆ ಸೇವಾ ಸಂಸ್ಥೆಯೊಂದರ ಪ್ರಕರಣದಲ್ಲಿ, ಸ್ನೇಹಿತರಿಗೆ ಮಾತ್ರ ಕಾಣುವ ಫೇಸ್‌ಬುಕ್ ಬರಹಗಳಿಗೂ 1986ರ ಕಾಯ್ದೆಯ ರಕ್ಷಣೆಯಿದೆ ಎಂದು ಹೇಳಿತು. ಆದರೆ ಆ ಪ್ರಕರಣದಲ್ಲಿ ಸ್ನೇಹಿತರ ಪಟ್ಟಿಯಲ್ಲಿದ್ದ ಸಹೋದ್ಯೋಗಿಯೇ ಯಾರೂ ಕೇಳದಿದ್ದರೂ ಬರಹದ ಪ್ರತಿಯನ್ನು ವ್ಯವಸ್ಥಾಪಕರಿಗೆ ಒಪ್ಪಿಸಿದ್ದರಿಂದ ಸಂಸ್ಥೆಯು ತಪ್ಪಿತಸ್ಥವಲ್ಲವೆಂದು ತೀರ್ಮಾನಿಸಲಾಯಿತು.

ಯುರೋಪ್

ಯುರೋಪಿಯನ್ ಒಕ್ಕೂಟದಲ್ಲಿ 2018ರ ಮೇ 25ರಿಂದ ಅನ್ವಯವಾಗುತ್ತಿರುವ ಸಾಮಾನ್ಯ ದತ್ತಾಂಶ ಸಂರಕ್ಷಣಾ ನಿಯಮಾವಳಿಯು, ವೈಯಕ್ತಿಕ ಮಾಹಿತಿಯನ್ನು ಸಂಗ್ರಹಿಸಲು ನ್ಯಾಯಸಮ್ಮತ ಆಧಾರವಿರಬೇಕೆಂದು ವಿಧಿಸುತ್ತದೆ. ಎರಡು ಪಕ್ಷಗಳ ನಡುವೆ ಸ್ಪಷ್ಟ ಅಸಮತೋಲನವಿದ್ದಾಗ ಒಪ್ಪಿಗೆಯು ಮಾನ್ಯ ಆಧಾರವಾಗದು ಎಂಬುದು ಅದರ ತತ್ವಗಳಲ್ಲೊಂದು.

ಸದಸ್ಯ ದೇಶಗಳ ದತ್ತಾಂಶ ಸಂರಕ್ಷಣಾ ಪ್ರಾಧಿಕಾರಗಳನ್ನು ಒಳಗೊಂಡಿದ್ದ ಸಲಹಾ ಮಂಡಳಿಯು 2017ರಲ್ಲಿ ಕೆಲಸದ ಸ್ಥಳದ ದತ್ತಾಂಶ ಕುರಿತು ಅಭಿಪ್ರಾಯವೊಂದನ್ನು ಪ್ರಕಟಿಸಿತು. ಅಭ್ಯರ್ಥಿಯ ಪುಟವು ಎಲ್ಲರಿಗೂ ಕಾಣುವಂತಿದೆ ಎಂಬ ಮಾತ್ರಕ್ಕೆ ಅದನ್ನು ಉದ್ಯೋಗದಾತರು ತಮ್ಮ ಉದ್ದೇಶಕ್ಕೆ ಬಳಸಿಕೊಳ್ಳುವಂತಿಲ್ಲ ಎಂದು ಅದು ಹೇಳಿತು. ಕೆಲಸಕ್ಕೆ ಅಗತ್ಯವಿರುವಷ್ಟು ಮಾಹಿತಿಯನ್ನು ಮಾತ್ರ, ಅಭ್ಯರ್ಥಿಗೆ ಮುಂಚಿತವಾಗಿ ತಿಳಿಸಿ ನೋಡಬೇಕು. ಸ್ನೇಹಿತರ ಪಟ್ಟಿಗೆ ಸೇರಿಸಿಕೊಳ್ಳುವಂತೆ ಕೇಳಲು ಉದ್ಯೋಗದಾತರಿಗೆ ಅಧಿಕಾರವಿಲ್ಲ ಎಂದೂ ಅದು ಸ್ಪಷ್ಟಪಡಿಸಿತು. ಹೀಗೆ ಯುರೋಪಿನ ನಿಲುವು ಅಮೆರಿಕದ ರಾಜ್ಯ ಕಾಯ್ದೆಗಳಿಗಿಂತ ವಿಶಾಲವಾಗಿದ್ದು, ಸಾರ್ವಜನಿಕ ಮಾಹಿತಿಯನ್ನೂ ಒಳಗೊಳ್ಳುತ್ತದೆ.

ಜರ್ಮನಿಯ ಸಚಿವ ಸಂಪುಟವು 2010ರ ಆಗಸ್ಟ್‌ನಲ್ಲಿ ಅನುಮೋದಿಸಿದ ಕರಡು ಮಸೂದೆಯು ಸ್ನೇಹಿತರೊಡನೆ ಸಂಪರ್ಕಕ್ಕಾಗಿ ಇರುವ ಜಾಲತಾಣಗಳನ್ನೂ ವೃತ್ತಿಸಂಬಂಧಿ ಜಾಲತಾಣಗಳನ್ನೂ ಬೇರ್ಪಡಿಸಿತ್ತು. ಮೊದಲನೆಯ ಬಗೆಯವನ್ನು ನೇಮಕಾತಿಗೆ ಬಳಸದಂತೆ ತಡೆದು, ಎರಡನೆಯ ಬಗೆಯವನ್ನು ನೋಡಲು ಅದು ಅವಕಾಶ ನೀಡುತ್ತಿತ್ತು. ಆದರೆ ಆ ಮಸೂದೆ ಕಾಯ್ದೆಯಾಗಲಿಲ್ಲ.

ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದ ಮಹಾಪೀಠವು 2017ರ ಸೆಪ್ಟೆಂಬರ್ 5ರಂದು ರೊಮೇನಿಯಾದ ಪ್ರಕರಣವೊಂದರಲ್ಲಿ ನೀಡಿದ ತೀರ್ಪು ಈ ಕ್ಷೇತ್ರದಲ್ಲಿ ಪ್ರಮುಖವಾದುದು. ಗ್ರಾಹಕರೊಡನೆ ವ್ಯವಹರಿಸಲೆಂದು ಸಂಸ್ಥೆಯ ಕೋರಿಕೆಯಂತೆ ತೆರೆದ ಯಾಹೂ ಮೆಸೆಂಜರ್ ಖಾತೆಯಲ್ಲಿ ನೌಕರರೊಬ್ಬರು ತಮ್ಮ ಸಹೋದರ ಮತ್ತು ಭಾವಿ ಪತ್ನಿಯೊಂದಿಗೂ ಮಾತನಾಡಿದ್ದರು. ಸಂಸ್ಥೆಯು ಆ ಸಂಭಾಷಣೆಗಳನ್ನು ದಾಖಲಿಸಿಕೊಂಡು ಅವರನ್ನು ವಜಾಗೊಳಿಸಿತ್ತು. ಕೆಲಸದ ಸ್ಥಳದಲ್ಲಿ ನೌಕರನ ಖಾಸಗಿ ಸಾಮಾಜಿಕ ಬದುಕನ್ನು ಉದ್ಯೋಗದಾತರ ಸೂಚನೆಗಳು ಶೂನ್ಯಕ್ಕೆ ಇಳಿಸಲಾರವು ಎಂಬುದು 11–6 ಬಹುಮತದ ಆ ತೀರ್ಪಿನ ಸಾರ.

ಭಾರತ

ಸಂವಿಧಾನ ಮತ್ತು ಖಾಸಗಿತನ

ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಸಂವಿಧಾನದ ಅಡಿಯಲ್ಲಿ ಮೂಲಭೂತ ಹಕ್ಕು ಎಂದು ಏಕಮತದಿಂದ ಸಾರಿತು. ಈ ಪ್ರಕರಣದ ಮೊದಲ ಅರ್ಜಿದಾರರಾದ ಕೆ. ಎಸ್. ಪುಟ್ಟಸ್ವಾಮಿ ಅವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು. ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು 2012ರಲ್ಲಿ ಅರ್ಜಿ ಸಲ್ಲಿಸಿದ್ದರು.

ಮೂಲಭೂತ ಹಕ್ಕುಗಳು ಪ್ರಧಾನವಾಗಿ ಸರ್ಕಾರದ ವಿರುದ್ಧ ಪ್ರಯೋಗಿಸಬಹುದಾದವು. ಆದ್ದರಿಂದ ಸರ್ಕಾರಿ ಇಲಾಖೆ ಅಥವಾ ಸಾರ್ವಜನಿಕ ಉದ್ಯಮವು ಪಾಸ್‌ವರ್ಡ್ ಕೇಳಿದರೆ ಅದನ್ನು ನೇರವಾಗಿ ಪ್ರಶ್ನಿಸಲು ದಾರಿಯಿದೆ. ಖಾಸಗಿ ಸಂಸ್ಥೆಯ ವಿಷಯದಲ್ಲಿ ಈ ದಾರಿ ಅಷ್ಟು ಸುಗಮವಲ್ಲ. 2023ರ ಜನವರಿ 3ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 19 ಮತ್ತು 21ನೇ ವಿಧಿಗಳ ಹಕ್ಕುಗಳನ್ನು ಸರ್ಕಾರೇತರ ವ್ಯಕ್ತಿಗಳ ವಿರುದ್ಧವೂ ಜಾರಿಗೊಳಿಸಬಹುದೆಂದು ಬಹುಮತದಿಂದ ಹೇಳಿದೆ.

ಮಾಹಿತಿ ತಂತ್ರಜ್ಞಾನ ಕಾಯ್ದೆ

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮಿನಡಿ 2011ರಲ್ಲಿ ರೂಪಿಸಿದ ನಿಯಮಗಳು ‘ಸೂಕ್ಷ್ಮ ವೈಯಕ್ತಿಕ ದತ್ತಾಂಶ’ದ ಪಟ್ಟಿಯೊಂದನ್ನು ಕೊಡುತ್ತವೆ. ಆ ಪಟ್ಟಿಯಲ್ಲಿ ಮೊದಲನೆಯದೇ ಪಾಸ್‌ವರ್ಡ್. ಇಂತಹ ದತ್ತಾಂಶವನ್ನು ಪಡೆಯಬೇಕಾದರೆ ಲಿಖಿತ ಒಪ್ಪಿಗೆ ಬೇಕು. ಅದನ್ನು ಸಂಸ್ಥೆಯ ಕಾರ್ಯಕ್ಕೆ ಸಂಬಂಧಿಸಿದ ಕಾನೂನುಬದ್ಧ ಉದ್ದೇಶಕ್ಕಾಗಿ, ಅಗತ್ಯವಿದ್ದಲ್ಲಿ ಮಾತ್ರ ಸಂಗ್ರಹಿಸಬೇಕು. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಅಥವಾ ಅಪ್ರಾಮಾಣಿಕವಾಗಿ ಬಳಸುವುದು 66ಸಿ ಕಲಮಿನಡಿ ಅಪರಾಧವಾಗಿದ್ದು, ಮೂರು ವರ್ಷಗಳವರೆಗಿನ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿಗಳವರೆಗಿನ ದಂಡಕ್ಕೆ ಎಡೆಮಾಡುತ್ತದೆ. ಆದರೆ ನೌಕರನೇ ಕೊಟ್ಟ ಪಾಸ್‌ವರ್ಡನ್ನು ಬಳಸುವುದು ಈ ಅಪರಾಧದ ವ್ಯಾಪ್ತಿಗೆ ಸುಲಭವಾಗಿ ಬರುವುದಿಲ್ಲ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ

2023ರ ಆಗಸ್ಟ್ 11ರಂದು ರಾಷ್ಟ್ರಪತಿಯ ಅಂಕಿತ ಪಡೆದ ಈ ಕಾಯ್ದೆಯ 6ನೇ ಕಲಮು, ಒಪ್ಪಿಗೆಯು ಸ್ವತಂತ್ರವೂ ನಿರ್ದಿಷ್ಟವೂ ಅರಿವಿನಿಂದ ಕೂಡಿದ್ದೂ ಷರತ್ತಿಲ್ಲದ್ದೂ ಅಸಂದಿಗ್ಧವೂ ಆಗಿರಬೇಕೆಂದು ಹೇಳುತ್ತದೆ. ಸೂಚಿಸಿದ ಉದ್ದೇಶಕ್ಕೆ ಬೇಕಾದಷ್ಟು ದತ್ತಾಂಶಕ್ಕೆ ಮಾತ್ರ ಆ ಒಪ್ಪಿಗೆ ಸೀಮಿತವಾಗಿರುತ್ತದೆ. ಇದು ನೌಕರನ ಪರವಾಗಿರುವ ಅಂಶ.

ಇನ್ನೊಂದೆಡೆ 7ನೇ ಕಲಮು ಒಪ್ಪಿಗೆಯಿಲ್ಲದೆಯೇ ದತ್ತಾಂಶವನ್ನು ಬಳಸಬಹುದಾದ ಸಂದರ್ಭಗಳನ್ನು ಪಟ್ಟಿಮಾಡುತ್ತದೆ. ಉದ್ಯೋಗದ ಉದ್ದೇಶಗಳು ಹಾಗೂ ಉದ್ಯೋಗದಾತರನ್ನು ನಷ್ಟ ಅಥವಾ ಹೊಣೆಗಾರಿಕೆಯಿಂದ ಕಾಪಾಡುವ ಉದ್ದೇಶಗಳು ಅದರಲ್ಲಿ ಸೇರಿವೆ. ವಾಣಿಜ್ಯ ಗೂಢಚರ್ಯೆಯನ್ನು ತಡೆಯುವುದು, ವ್ಯಾಪಾರ ರಹಸ್ಯ ಮತ್ತು ಬೌದ್ಧಿಕ ಆಸ್ತಿಯ ಗೌಪ್ಯತೆಯನ್ನು ಕಾಯುವುದು ಇದಕ್ಕೆ ಕೊಟ್ಟಿರುವ ಉದಾಹರಣೆಗಳು. ಈ ಮಾತುಗಳ ವ್ಯಾಪ್ತಿ ಎಷ್ಟು ಎಂಬುದನ್ನು ಅವಲಂಬಿಸಿ, ನೌಕರನ ಖಾಸಗಿ ಖಾತೆಯ ಪರಿಶೀಲನೆಯು ಇದರಡಿ ಬರುತ್ತದೆಯೇ ಇಲ್ಲವೇ ಎಂಬುದು ತೀರ್ಮಾನವಾಗಬೇಕಾಗುತ್ತದೆ. ವ್ಯಕ್ತಿಯೇ ಸಾರ್ವಜನಿಕವಾಗಿ ಪ್ರಕಟಿಸಿದ ದತ್ತಾಂಶಕ್ಕೆ ಕಾಯ್ದೆ ಅನ್ವಯಿಸುವುದೇ ಇಲ್ಲ.

ಈ ಕಾಯ್ದೆಯ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಪ್ರಕಟಿಸಲಾಗಿದ್ದು, ಮುಖ್ಯ ಉಪಬಂಧಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ನೀಡಲಾಗಿದೆ. ಹೊಸ ವ್ಯವಸ್ಥೆಯಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮು ರದ್ದಾಗುತ್ತದೆ. ಹೊಸ ಕಾಯ್ದೆಯಲ್ಲಿ ‘ಸೂಕ್ಷ್ಮ ದತ್ತಾಂಶ’ ಎಂಬ ಪ್ರತ್ಯೇಕ ವರ್ಗವಿಲ್ಲದ ಕಾರಣ, ಪಾಸ್‌ವರ್ಡಿಗೆ 2011ರ ನಿಯಮಗಳಲ್ಲಿದ್ದ ವಿಶೇಷ ಸ್ಥಾನ ಮುಂದುವರಿಯುವುದಿಲ್ಲ.

ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಕ್ಷೇತ್ರದಲ್ಲಿ ಅಮೆರಿಕ ಮತ್ತು ಯುರೋಪ್ ಮೂಲದ ಅನೇಕ ಸಂಸ್ಥೆಗಳ ಕಚೇರಿಗಳಿವೆ. ಅವುಗಳ ಮಾತೃಸಂಸ್ಥೆಗಳು ತಮ್ಮ ನೆಲದಲ್ಲಿ ಪಾಲಿಸಬೇಕಾದ ಪಾಸ್‌ವರ್ಡ್ ಕಾಯ್ದೆಗಳು ಇಲ್ಲಿ ನೇಮಕಗೊಂಡು ಇಲ್ಲಿಯೇ ದುಡಿಯುವ ನೌಕರರಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಅವರಿಗೆ ದೊರೆಯುವುದು ಭಾರತೀಯ ಕಾನೂನಿನ ರಕ್ಷಣೆ.

ಸೇನೆಯ ನಿರ್ಬಂಧ

ಭದ್ರತಾ ಪಡೆಗಳ ವಿಷಯದಲ್ಲಿ ಭಿನ್ನ ಅಳತೆಗೋಲು ಬಳಕೆಯಲ್ಲಿದೆ. ಭಾರತೀಯ ಸೇನೆಯು 2020ರಲ್ಲಿ ತನ್ನ ಸಿಬ್ಬಂದಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿದಂತೆ 89 ಆ್ಯಪ್‌ಗಳನ್ನು ತೆಗೆದುಹಾಕಲು ಸೂಚಿಸಿತು. ಇದು ಖಾತೆಯೊಳಗೆ ಪ್ರವೇಶ ಕೇಳಿದ್ದಲ್ಲವಾದರೂ, ನೌಕರನ ಖಾಸಗಿ ಖಾತೆಯ ಮೇಲೆ ಉದ್ಯೋಗದಾತರ ಅಧಿಕಾರ ಎಲ್ಲಿಯವರೆಗೆ ಎಂಬ ಪ್ರಶ್ನೆಯನ್ನೇ ಎತ್ತಿತು. ಆದೇಶವನ್ನು ಪ್ರಶ್ನಿಸಿ ಅಧಿಕಾರಿಯೊಬ್ಬರು ಸಲ್ಲಿಸಿದ ಅರ್ಜಿಯನ್ನು ದೆಹಲಿ ಹೈಕೋರ್ಟ್ ಅದೇ ವರ್ಷದ ಆಗಸ್ಟ್‌ನಲ್ಲಿ ವಜಾ ಮಾಡಿತು.

ಪರ ಮತ್ತು ವಿರೋಧ ವಾದಗಳು

ಉದ್ಯೋಗದಾತರ ಪರವಾಗಿ ಮುಖ್ಯವಾಗಿ ಮೂರು ವಾದಗಳಿವೆ. ಮೊದಲನೆಯದು ಸುರಕ್ಷತೆ. ಪೊಲೀಸ್, ಕಾರಾಗೃಹ, ಮಕ್ಕಳ ಆರೈಕೆ ಇತ್ಯಾದಿ ಕೆಲಸಗಳಲ್ಲಿ ತಪ್ಪು ನೇಮಕಾತಿಯಿಂದ ಬೇರೆಯವರ ಜೀವಕ್ಕೆ ಅಪಾಯವಾಗಬಹುದು. ಎರಡನೆಯದು ಹೊಣೆಗಾರಿಕೆ. ಅಪಾಯಕಾರಿ ವ್ಯಕ್ತಿಯನ್ನು ಸರಿಯಾಗಿ ವಿಚಾರಿಸದೆ ನೇಮಿಸಿಕೊಂಡರೆ ಸಂಸ್ಥೆಯೇ ಪರಿಹಾರ ಕೊಡಬೇಕಾದೀತು. ಮೂರನೆಯದು ಗೌಪ್ಯತೆ. ಸಂಸ್ಥೆಯ ರಹಸ್ಯಗಳು ಖಾಸಗಿ ಖಾತೆಗಳ ಮೂಲಕ ಸೋರಿಹೋದಾಗ ತನಿಖೆಗೆ ಬೇರೆ ದಾರಿಯಿರುವುದಿಲ್ಲ.

ಇದಕ್ಕೆ ಎದುರಾಗಿ ಮಂಡಿಸಲಾದ ಆಕ್ಷೇಪಗಳು ಹಲವು.

ಒಪ್ಪಿಗೆಯ ಸ್ವರೂಪ: ನಿರಾಕರಿಸಿದರೆ ಕೆಲಸ ಸಿಗದು ಎಂಬ ಸ್ಥಿತಿಯಲ್ಲಿ ಕೊಡುವ ಒಪ್ಪಿಗೆಯು ಹೆಸರಿಗಷ್ಟೇ ಒಪ್ಪಿಗೆ. ನಿರುದ್ಯೋಗ ಹೆಚ್ಚಿದ್ದಾಗ, ಅಥವಾ ಒಂದು ಹುದ್ದೆಗೆ ಅನೇಕರು ಸ್ಪರ್ಧಿಸುತ್ತಿರುವಾಗ ಈ ಒತ್ತಡ ಇನ್ನೂ ತೀವ್ರವಾಗುತ್ತದೆ.

ಮೂರನೆಯವರ ಖಾಸಗಿತನ: ಖಾತೆಯೊಂದರಲ್ಲಿ ಅದರ ಒಡೆಯನ ಬರಹಗಳಷ್ಟೇ ಇರುವುದಿಲ್ಲ. ಕುಟುಂಬದವರು, ಸ್ನೇಹಿತರು ಕಳುಹಿಸಿದ ಸಂದೇಶಗಳೂ ಚಿತ್ರಗಳೂ ಇರುತ್ತವೆ. ಅವರು ಯಾವ ಕೆಲಸಕ್ಕೂ ಅರ್ಜಿ ಹಾಕಿರುವುದಿಲ್ಲ, ಅವರ ಒಪ್ಪಿಗೆಯನ್ನು ಯಾರೂ ಕೇಳಿರುವುದೂ ಇಲ್ಲ. ನೌಕರನು ತನ್ನ ಪಾಲಿನ ಖಾಸಗಿತನವನ್ನು ಬಿಟ್ಟುಕೊಡಬಲ್ಲನಾದರೂ ಅವರ ಪಾಲಿನದನ್ನು ಬಿಟ್ಟುಕೊಡುವ ಅಧಿಕಾರ ಅವನಿಗಿಲ್ಲ ಎಂಬುದು ಈ ವಾದದ ತಿರುಳು.

ತಾರತಮ್ಯ: ಸಂದರ್ಶನದಲ್ಲಿ ಕೇಳಬಾರದ ಅಥವಾ ಕೇಳಲು ಹಿಂಜರಿಯುವ ವಿಷಯಗಳು ಖಾತೆಯೊಳಗೆ ತಾವಾಗಿಯೇ ಕಾಣಸಿಗುತ್ತವೆ. ಧರ್ಮ, ಜಾತಿ, ಗರ್ಭಧಾರಣೆ, ಅಂಗವೈಕಲ್ಯ, ಲೈಂಗಿಕ ಒಲವು, ರಾಜಕೀಯ ನಿಲುವು, ಕಾರ್ಮಿಕ ಸಂಘದ ಸದಸ್ಯತ್ವ ಇವುಗಳಲ್ಲಿ ಕೆಲವು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಅಲೆಸ್ಸಾಂಡ್ರೊ ಅಕ್ವಿಸ್ಟಿ ಮತ್ತು ಕ್ರಿಸ್ಟಿನಾ ಫಾಂಗ್ ಅವರು ನಡೆಸಿದ ಪ್ರಯೋಗದಲ್ಲಿ, ಕಾಲ್ಪನಿಕ ಅಭ್ಯರ್ಥಿಗಳ ಅರ್ಜಿಗಳನ್ನು ಅಮೆರಿಕದ 4,000ಕ್ಕೂ ಹೆಚ್ಚು ಉದ್ಯೋಗದಾತರಿಗೆ ಕಳುಹಿಸಲಾಗಿತ್ತು. ಅಭ್ಯರ್ಥಿಯ ಧರ್ಮವು ಸಾಮಾಜಿಕ ಜಾಲತಾಣದ ಪುಟದಿಂದ ಮಾತ್ರ ತಿಳಿಯುವಂತಿತ್ತು. ರಿಪಬ್ಲಿಕನ್ ಮತದಾರರು ಹೆಚ್ಚಿರುವ ಪ್ರದೇಶಗಳಲ್ಲಿ ಮುಸ್ಲಿಂ ಅಭ್ಯರ್ಥಿಗೆ ಕ್ರೈಸ್ತ ಅಭ್ಯರ್ಥಿಗಿಂತ ಕಡಿಮೆ ಸಂದರ್ಶನ ಕರೆಗಳು ಬಂದವು. ಆ ಪ್ರಯೋಗದ ಪುಟಗಳು ಸಾರ್ವಜನಿಕವಾಗಿದ್ದವು.

ಭದ್ರತೆ: ಪಾಸ್‌ವರ್ಡನ್ನು ಯಾರಿಗೂ ಹೇಳಬಾರದೆಂಬುದು ಸಂಸ್ಥೆಗಳೇ ತಮ್ಮ ನೌಕರರಿಗೆ ಕಲಿಸುವ ಮೊದಲ ಪಾಠ. ಅನೇಕರು ಒಂದೇ ಪಾಸ್‌ವರ್ಡನ್ನು ಹಲವೆಡೆ ಬಳಸುವುದರಿಂದ, ಒಂದನ್ನು ಬರೆದುಕೊಟ್ಟರೆ ಇಮೇಲ್ ಮತ್ತು ಬ್ಯಾಂಕ್ ಖಾತೆಗಳೂ ಅಪಾಯಕ್ಕೆ ಸಿಲುಕಬಹುದು. ಬರೆದುಕೊಟ್ಟ ಪಾಸ್‌ವರ್ಡನ್ನು ಸುರಕ್ಷಿತವಾಗಿ ಕಾಪಾಡುವ ಹೊಣೆಯೂ ಸಂಸ್ಥೆಯ ಮೇಲೆ ಬೀಳುತ್ತದೆ.

ಖಾತೆಯ ಒಡೆತನದ ಪ್ರಶ್ನೆ

ಯಾವುದು ವೈಯಕ್ತಿಕ ಖಾತೆ, ಯಾವುದು ಸಂಸ್ಥೆಯ ಖಾತೆ ಎಂಬುದು ಎಲ್ಲ ಸಂದರ್ಭಗಳಲ್ಲಿ ಸ್ಪಷ್ಟವಾಗಿರುವುದಿಲ್ಲ. ಪತ್ರಕರ್ತರು, ಮಾರಾಟ ಪ್ರತಿನಿಧಿಗಳು ಮೊದಲಾದವರು ಒಂದೇ ಖಾತೆಯನ್ನು ಎರಡೂ ಉದ್ದೇಶಗಳಿಗೆ ಬಳಸುತ್ತಾರೆ. 2011ರಲ್ಲಿ ಅಮೆರಿಕದ ಫೋನ್‌ಡಾಗ್ ಎಂಬ ಸಂಸ್ಥೆಯು, ಕೆಲಸ ಬಿಟ್ಟ ಬರಹಗಾರರೊಬ್ಬರು ಸುಮಾರು 17,000 ಅನುಯಾಯಿಗಳಿದ್ದ ಟ್ವಿಟರ್ ಖಾತೆಯನ್ನು ತಮ್ಮೊಂದಿಗೆ ಒಯ್ದರೆಂದು ದಾವೆ ಹೂಡಿತು. ಪ್ರಕರಣವು ಮುಂದಿನ ವರ್ಷ ರಾಜಿಯಲ್ಲಿ ಕೊನೆಗೊಂಡಿದ್ದರಿಂದ ಒಡೆತನದ ಪ್ರಶ್ನೆಗೆ ನ್ಯಾಯಾಲಯದಿಂದ ಉತ್ತರ ದೊರೆಯಲಿಲ್ಲ. ಸಂಸ್ಥೆಯ ಕೆಲಸಕ್ಕೆ ಪ್ರತ್ಯೇಕ ಖಾತೆಯನ್ನು ತೆರೆಯುವುದು ಮತ್ತು ಅದರ ಒಡೆತನವನ್ನು ನೇಮಕಾತಿಯ ಕರಾರಿನಲ್ಲಿಯೇ ನಮೂದಿಸುವುದು ಇಂತಹ ವಿವಾದಗಳನ್ನು ತಪ್ಪಿಸುವ ಕ್ರಮಗಳಾಗಿವೆ.

ವೀಸಾ ತಪಾಸಣೆಯೊಂದಿಗಿನ ವ್ಯತ್ಯಾಸ

ಉದ್ಯೋಗದಾತರ ಬೇಡಿಕೆಯನ್ನು ಸರ್ಕಾರಗಳ ವಲಸೆ ತಪಾಸಣೆಯಿಂದ ಬೇರ್ಪಡಿಸಿ ನೋಡಬೇಕಾಗುತ್ತದೆ. ಅಮೆರಿಕದ ವಿದೇಶಾಂಗ ಇಲಾಖೆಯು 2019ರಿಂದ ಬಹುತೇಕ ವೀಸಾ ಅರ್ಜಿದಾರರಿಂದ ಸಾಮಾಜಿಕ ಜಾಲತಾಣಗಳಲ್ಲಿನ ಅವರ ಬಳಕೆದಾರ ಹೆಸರುಗಳನ್ನು ಕೇಳುತ್ತಿದೆ. 2025ರ ಜೂನ್‌ನಲ್ಲಿ ವಿದ್ಯಾರ್ಥಿ ವೀಸಾ ಅರ್ಜಿದಾರರು ತಮ್ಮ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂದು ಸೂಚಿಸಲಾಯಿತು. ಅದೇ ವರ್ಷದ ಡಿಸೆಂಬರ್ 15ರಿಂದ ಎಚ್-1ಬಿ ಉದ್ಯೋಗ ವೀಸಾ ಮತ್ತು ಅವರ ಅವಲಂಬಿತರ ಎಚ್-4 ವೀಸಾಗಳಿಗೂ ಇದನ್ನು ವಿಸ್ತರಿಸಲಾಯಿತು. ಎಚ್-1ಬಿ ವೀಸಾ ಪಡೆಯುವವರಲ್ಲಿ ಭಾರತೀಯರೇ ಬಹುಸಂಖ್ಯಾತರಾಗಿರುವುದರಿಂದ, ಬೆಂಗಳೂರಿನಿಂದ ಹೋಗುವ ತಂತ್ರಜ್ಞರಿಗೂ ಅವರ ಕುಟುಂಬಗಳಿಗೂ ಇದು ನೇರವಾಗಿ ತಟ್ಟುತ್ತದೆ.

ಖಾಸಗಿತನದ ಆಯ್ಕೆಗಳನ್ನು ಬದಲಾಯಿಸಲು ಉದ್ಯೋಗದಾತರು ಹೇಳುವುದನ್ನು ವಾಷಿಂಗ್ಟನ್‌ನಂತಹ ರಾಜ್ಯಗಳ ಕಾಯ್ದೆಗಳು ನಿಷೇಧಿಸಿವೆ. ಆದರೆ ಆ ಕಾಯ್ದೆಗಳು ಉದ್ಯೋಗದಾತರನ್ನು ಮಾತ್ರ ಕಟ್ಟಿಹಾಕುತ್ತವೆ. ವೀಸಾ ನೀಡುವ ಒಕ್ಕೂಟ ಸರ್ಕಾರಕ್ಕೆ ಅನ್ವಯಿಸುವುದಿಲ್ಲ. ಇದರಿಂದಾಗಿ ಅಂತಹ ರಾಜ್ಯದಲ್ಲಿ ಕೆಲಸಕ್ಕೆ ಸೇರಲಿರುವ ವಿದೇಶಿ ತಂತ್ರಜ್ಞನು, ತನ್ನ ಉದ್ಯೋಗದಾತರು ಕೇಳುವಂತಿಲ್ಲದ ಬದಲಾವಣೆಯನ್ನು ವೀಸಾ ಪಡೆಯುವ ಸಲುವಾಗಿ ಮಾಡಬೇಕಾಗುತ್ತದೆ.